ಫೋಟೋದ ಹಿಂಬದಿ ಖಾಲಿ ಬಿಡಬೇಡಿ

"ನಿಮ್ಮೂರು ಯಾವುದು?"

ಮದುವೆಯಾಗಿಯೋ, ಗಂಡನ ಕೆಲಸದ ನಿಮಿತ್ತವೋ ಬೆಂಗಳೂರಿಗೆ ಬಂದು ನೆಲೆಸಿದ ಸಹೋದರಿಯರಿಗೆಲ್ಲ ಈ ಪ್ರಶ್ನೆ ಚಿರಪರಿಚಿತ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು ಕೊಳ್ಳುವಾಗ ನಮ್ಮ ಮಾತಿನ ಧಾಟಿ ಕೇಳಿ ಮಾರುವಾಕೆ ಕೇಳುತ್ತಾಳೆ. ಬಾಡಿಗೆ ಮನೆ ನೋಡಲು ಹೋದಾಗ ಮನೆಯ ಯಜಮಾನರೂ ಕೇಳುತ್ತಾರೆ. ಸೊಪ್ಪಿನಾಕೆಯದು ಬರಿಯ ಕುತೂಹಲ. ಯಜಮಾನರ ಪ್ರಶ್ನೆಯ ಹಿಂದೆ ಏನಿದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನಾನು ದಕ್ಷಿಣ ಕನ್ನಡದಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ತಿಲಕ್‌ನಗರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇಲ್ಲಿ ನಾನು 'ಮಂಗಳೂರಿನವರು'. ರಜೆಯಲ್ಲಿ ಊರಿಗೆ ಹೋದರೆ ಅಲ್ಲಿ 'ಬೆಂಗಳೂರಿನವರು'. ಎರಡೂ ಕಡೆ ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಒಮ್ಮೊಮ್ಮೆ, ಹಾಗಾದರೆ ನಾನು ನಿಜವಾಗಿ ಎಲ್ಲಿಯವಳು ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳದಿರುವುದಿಲ್ಲ.

ಈ ಪ್ರಶ್ನೆಗೂ ನಿಮ್ಮ ಮನೆಯ ಕಪಾಟಿನಲ್ಲಿರುವ ಹಳೆಯ ಫೋಟೋಗಳಿಗೂ ಒಂದು ಸಂಬಂಧವಿದೆ. ಅದನ್ನೇ ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಬಾಪನ ಕಾರು

ನಾನು ಚಿಕ್ಕವಳಿದ್ದಾಗ ನನ್ನ ಬಾಪ ಸೌದಿ ಅರೇಬಿಯಾದಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಡುವೆ ಬರುತ್ತಿದ್ದುದು ಪತ್ರ, ಧ್ವನಿ ತುಂಬಿದ ಕ್ಯಾಸೆಟ್ ಮತ್ತು ಫೋಟೋ. ಒಂದು ಫೋಟೋದಲ್ಲಿ ಅವರು ದೊಡ್ಡದೊಂದು ಬಿಳಿ ಕಾರಿಗೆ ಕೈಯೂರಿ ನಿಂತಿದ್ದರು. ಕಣ್ಣಿಗೆ ತಂಪು ಕನ್ನಡಕ. ಉಮ್ಮ ಅದನ್ನು ಬಟ್ಟೆಯ ಪೆಟ್ಟಿಗೆಯಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ನೆಂಟರು ಬಂದರೆ ಹೊರಬರುತ್ತಿತ್ತು. ಮದ್ರಸದಲ್ಲಿ ಗೆಳತಿಯರ ಮುಂದೆ ನಾನೂ ಆ ಕಾರಿನ ಬಗ್ಗೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ.

ಬಾಪ ಊರಿಗೆ ಮರಳಿ ಹಲವು ವರ್ಷಗಳಾದ ಮೇಲೆ ಒಂದು ದಿನ ಆ ಫೋಟೋ ಕೈಗೆ ಸಿಕ್ಕಿತು. "ಈ ಕಾರು ಏನಾಯಿತು ಬಾಪ?" ಎಂದು ಕೇಳಿದೆ. ಅವರು ನಕ್ಕರು. "ಅದು ನನ್ನದಲ್ಲ ಮೋಳೆ. ರಸ್ತೆ ಬದಿ ಯಾರೋ ನಿಲ್ಲಿಸಿದ್ದರು. ನಾವು ಒಂದು ಕೋಣೆಯಲ್ಲಿ ಎಂಟು ಜನ ಇದ್ದೆವು. ಆ ಕೋಣೆಯ ಫೋಟೋ ಕಳಿಸಿದ್ದರೆ ನಿನ್ನ ಉಮ್ಮ ನಿದ್ದೆ ಮಾಡುತ್ತಿದ್ದಳೇ?" ಎಂದರು.

ನನಗೆ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ನಾನು ನೋಡಿದ್ದು ಕಾರನ್ನು. ಆ ಕಾರಿನ ಹಿಂದಿದ್ದ ಎಂಟು ಜನರ ಕೋಣೆಯನ್ನು ಫೋಟೋ ಹೇಳಿರಲಿಲ್ಲ. ಅದನ್ನು ಬಾಪ ಬಾಯಿ ಬಿಟ್ಟು ಹೇಳಬೇಕಾಯಿತು. ಕೊಲ್ಲಿಯಲ್ಲಿ ದುಡಿದವರು ಕಳಿಸಿದ ಫೋಟೋಗಳು ಕರಾವಳಿಯ ಎಷ್ಟು ಮನೆಗಳಲ್ಲಿಲ್ಲ! ಅವುಗಳ ಹಿಂದಿನ ಮಾತು ಎಷ್ಟು ಮನೆಗಳಲ್ಲಿ ಉಳಿದಿದೆ?

ಬೆಂಗಳೂರಿನಲ್ಲಿ ಬೆಳೆದ ಹುಡುಗಿ

ಇದೇ ಪ್ರಶ್ನೆಯನ್ನು ಜೀವನದ ಕೆಲಸವನ್ನಾಗಿ ಮಾಡಿಕೊಂಡ ಒಬ್ಬ ಮಹಿಳೆಯಿದ್ದಾರೆ. ಅವರ ಹೆಸರು ಅನ್ನು ಪಾಲಕುನ್ನತ್ತು ಮ್ಯಾಥ್ಯೂ. ಕೇರಳ ಮೂಲದ ಕ್ರೈಸ್ತ ಕುಟುಂಬದ ಅವರು 1964ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ಭಾರತಕ್ಕೆ ಬಂದು ನಮ್ಮ ಬೆಂಗಳೂರಿನಲ್ಲಿ ಬೆಳೆದರು. ಮದ್ರಾಸಿನಲ್ಲಿ ಗಣಿತದ ಪದವಿ ಪಡೆದು, ಆಮೇಲೆ ಛಾಯಾಗ್ರಹಣ ಕಲಿಯಲು ಅಮೇರಿಕಕ್ಕೆ ಹೋಗಿ ಅಲ್ಲಿಯೇ ನೆಲೆಸಿ, ರೋಡ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಹೀಗೆ ಮೂರು ದೇಶಗಳಲ್ಲಿ ಬಾಳಿದರು.

ಅಮೇರಿಕದಲ್ಲಿ ಅವರಿಗೆ ಎದುರಾದದ್ದು ನಮ್ಮ ಸೊಪ್ಪಿನಂಗಡಿಯ ಪ್ರಶ್ನೆಯೇ: "ನೀವು ನಿಜವಾಗಿ ಎಲ್ಲಿಯವರು?" 'ಇಂಡಿಯನ್' ಎಂದರೆ ಸಾಲದು, ಏಕೆಂದರೆ ಅಲ್ಲಿ ಇನ್ನೊಂದು ಬಗೆಯ ಇಂಡಿಯನ್ನರಿದ್ದಾರೆ. 1492ರಲ್ಲಿ ಕೊಲಂಬಸ್ ತಾನು ತಲುಪಿದ್ದು ಇಂಡಿಯಾದ ಕಡೆಗೇ ಎಂದು ನಂಬಿ ಅಲ್ಲಿಯ ಮೂಲನಿವಾಸಿಗಳನ್ನು ಇಂಡಿಯನ್ನರೆಂದು ಕರೆದ. ಆ ತಪ್ಪು ಹೆಸರು ಐನೂರು ವರ್ಷ ಅವರ ಬೆನ್ನಿಗಂಟಿಕೊಂಡಿತು. ಹಾಗಾಗಿ ಮ್ಯಾಥ್ಯೂ 'ನಾನು ಇಂಡಿಯಾದ ಇಂಡಿಯನ್' ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಈ ಬೇಸರದಿಂದಲೇ ಒಂದು ಚಿತ್ರಮಾಲೆ ಹುಟ್ಟಿತು. ಅದರ ಹೆಸರೂ 'ಆ್ಯನ್ ಇಂಡಿಯನ್ ಫ್ರಂ ಇಂಡಿಯಾ'. 2001ರಿಂದ ಕೆಲವು ವರ್ಷ ಅವರು ಅದರಲ್ಲಿ ತೊಡಗಿದ್ದರು.

ಅವರು ಮಾಡಿದ್ದಿಷ್ಟೇ. ಸುಮಾರು ನೂರು ವರ್ಷಗಳ ಹಿಂದೆ ಬಿಳಿಯ ಛಾಯಾಗ್ರಾಹಕರು ತೆಗೆದ ಅಮೇರಿಕದ ಮೂಲನಿವಾಸಿಗಳ ಹಳೆಯ ಫೋಟೋ ಎಡಕ್ಕೆ. ಅದೇ ಭಂಗಿ, ಅದೇ ಬಗೆಯ ಬೆಳಕಿನಲ್ಲಿ ತಾವೇ ಕುಳಿತು ತೆಗೆಸಿಕೊಂಡ ಫೋಟೋ ಬಲಕ್ಕೆ. ಒಂದು ಜೋಡಿಯಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡ ಮೂಲನಿವಾಸಿಯ ಪಕ್ಕದಲ್ಲಿ ಹಣೆಗೆ ಬೊಟ್ಟಿಟ್ಟ ಮ್ಯಾಥ್ಯೂ. ಕೆಳಗಿನ ಹೆಸರು 'ಗರಿಯ ಇಂಡಿಯನ್', 'ಬೊಟ್ಟಿನ ಇಂಡಿಯನ್'. ನೋಡಿದವರಿಗೆ ಮೊದಲು ನಗು ಬರುತ್ತದೆ. ಆಮೇಲೆ ಯೋಚನೆ ಹತ್ತುತ್ತದೆ: ಒಬ್ಬ ಮನುಷ್ಯನನ್ನು ಗರಿಯಿಂದಲೋ ಬೊಟ್ಟಿನಿಂದಲೋ ಗುರುತು ಹಿಡಿದರೆ ಅವನನ್ನು ತಿಳಿದಂತಾಯಿತೇ? ಬುರ್ಖಾ ಕಂಡ ಕೂಡಲೇ ಎಲ್ಲವೂ ತಿಳಿಯಿತೆಂದುಕೊಳ್ಳುವವರ ನಡುವೆ ಬದುಕುವ ನಮಗೆ ಈ ಪ್ರಶ್ನೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಅಳಿಸಿಹೋದ ಗಡಿಯಾರ

ಮ್ಯಾಥ್ಯೂ ಬಳಸಿಕೊಂಡ ಹಳೆಯ ಚಿತ್ರಗಳಲ್ಲಿ ಎಡ್ವರ್ಡ್ ಕರ್ಟಿಸ್ ಎಂಬ ಹೆಸರಾಂತ ಛಾಯಾಗ್ರಾಹಕನವೂ ಇವೆ. ಮೂಲನಿವಾಸಿಗಳು ಅಳಿದು ಹೋಗುತ್ತಿರುವ ಜನಾಂಗ, ಅಷ್ಟರೊಳಗೆ ಚಿತ್ರ ತೆಗೆದಿಡಬೇಕು ಎಂಬುದು ಅವನ ಹಂಬಲ. 1907ರಿಂದ 1930ರ ವರೆಗೆ ಅವನ ಚಿತ್ರಗಳ 20 ಸಂಪುಟಗಳು ಹೊರಬಂದವು. ಅವನು ಪಟ್ಟ ಶ್ರಮ ಸಣ್ಣದಲ್ಲ. ಆದರೆ 1910ರ ಸುಮಾರಿಗೆ ಅವನು ತೆಗೆದ ಒಂದು ಚಿತ್ರದ ಕಥೆ ಕೇಳಿ. ಡೇರೆಯೊಳಗೆ ಇಬ್ಬರು ಕುಳಿತಿದ್ದಾರೆ. ಅವರ ನಡುವೆ ಒಂದು ಗಡಿಯಾರವಿತ್ತು. ಸಂಪುಟದಲ್ಲಿ ಅಚ್ಚಾಗುವ ಹೊತ್ತಿಗೆ ಆ ಗಡಿಯಾರವನ್ನು ಅಳಿಸಿಬಿಡಲಾಯಿತು! 'ಹಳೆಯ ಕಾಲದ ಜನ' ಎಂದು ತೋರಿಸಬೇಕಾದವರ ಬಳಿ ಗಡಿಯಾರವಿದ್ದರೆ ಚಿತ್ರ ಕೆಡುತ್ತದಲ್ಲವೇ?

ನನ್ನನ್ನು ಇದಕ್ಕಿಂತ ಹೆಚ್ಚು ಕಲಕಿದ್ದು ಒಂದು ಶಾಲೆಯ ಕಥೆ. 1879ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಎಂಬ ವಸತಿ ಶಾಲೆ ಆರಂಭವಾಯಿತು. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ದೂರ ತಂದು ಅವರ ಭಾಷೆ ಬಿಡಿಸಿ, ಕೂದಲು ಕತ್ತರಿಸಿ, ಹೆಸರು ಬದಲಿಸಿ 'ನಾಗರಿಕ'ರನ್ನಾಗಿ ಮಾಡುವುದು ಅದರ ಉದ್ದೇಶ. ಶಾಲೆಗೆ ಬಂದ ದಿನಗಳಲ್ಲಿ ಒಂದು ಫೋಟೋ, ಕೆಲವು ವರ್ಷಗಳ ಮೇಲೆ ಇನ್ನೊಂದು. ಟಾಮ್ ಟೊರ್ಲಿನೋ ಎಂಬ ನವಾಹೋ ಜನಾಂಗದ ಯುವಕನ ಜೋಡಿ ಫೋಟೋ ಬಹಳ ಪ್ರಸಿದ್ಧ. 1882ರದ್ದರಲ್ಲಿ ಉದ್ದ ಕೂದಲು, ಕಿವಿಯಲ್ಲಿ ಓಲೆ, ಕೊರಳಲ್ಲಿ ಸರ. 1885ರದ್ದರಲ್ಲಿ ಕೋಟು, ಒಪ್ಪವಾಗಿ ಬಾಚಿದ ಗಿಡ್ಡ ಕೂದಲು. ಮೈಬಣ್ಣವೂ ತಿಳಿಯಾದಂತೆ ಕಾಣುತ್ತದೆ. ನೋಡಿ, ಎಷ್ಟು ಸುಧಾರಿಸಿದ್ದಾನೆ ಎಂದು ಜಗತ್ತಿಗೆ ತೋರಿಸಲು ಆ ಫೋಟೋಗಳನ್ನು ಬಳಸಲಾಯಿತು. ಅವನಿಗೆ ಏನನಿಸಿತೆಂದು ಆ ಚಿತ್ರಗಳು ಹೇಳುವುದಿಲ್ಲ.

ನನ್ನ ಬಾಪನೂ ಬೇರೆಯವರ ಕಾರಿನ ಪಕ್ಕ ನಿಂತು ನಮಗೆ ಒಂದು ಸುಳ್ಳು ಹೇಳಿದ್ದರು. ಆದರೆ ಆ ಸುಳ್ಳು ಅವರದೇ ಆಗಿತ್ತು, ಪ್ರೀತಿಯಿಂದ ಹೇಳಿದ್ದು, ಒಂದು ದಿನ ಅವರೇ ಬಿಡಿಸಿ ಹೇಳಿದರು. ಟೊರ್ಲಿನೋನ ಚಿತ್ರದ ಕೆಳಗೆ ಬರೆದದ್ದು ಬೇರೆಯವರು. ನಮ್ಮ ಚಿತ್ರದ ಕೆಳಗೆ ನಾವು ಬರೆಯದಿದ್ದರೆ ಇನ್ಯಾರೋ ಬರೆಯುತ್ತಾರೆ.

ನಮ್ಮ ಮನೆಗಳಲ್ಲಿ ಫೋಟೋ ಯಾಕಿಲ್ಲ?

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ನಮ್ಮ ಮನೆಯಲ್ಲಿ ಫೋಟೋ ತೆಗೆಸುವುದನ್ನೇ ಹಿರಿಯರು ಒಪ್ಪುತ್ತಿರಲಿಲ್ಲವಲ್ಲ? ನಿಜ. ಜೀವಿಗಳ ಚಿತ್ರಗಳ ಕುರಿತ ಹದೀಸ್‌ಗಳ ಆಧಾರದಲ್ಲಿ ನಮ್ಮ ಉಪಖಂಡದ ಅನೇಕ ಉಲಮಾಗಳು ಫೋಟೋವನ್ನು ವಿರೋಧಿಸಿದ್ದರು, ಪಾಸ್‌ಪೋರ್ಟಿನಂತಹ ಅನಿವಾರ್ಯಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈಯವರು ಇಪ್ಪತ್ತನೇ ಶತಮಾನದ ಆರಂಭದಲ್ಲಿಯೇ, ಫೋಟೋ ಎಂದರೆ ಹೊಸದಾಗಿ ರೂಪ ಕಡೆಯುವುದಲ್ಲ, ಇರುವ ನೆರಳನ್ನು ಹಿಡಿದಿಡುವುದು ಎಂದು ಅನುಮತಿಯ ಪರವಾಗಿ ಬರೆದರು. ನೀವು ನಂಬುವ ಉಲಮಾರನ್ನು ಅನುಸರಿಸಿರಿ. ಗೋಡೆಗೆ ತೂಗುಹಾಕಿ ಎಂದು ನಾನಂತೂ ಹೇಳಲಾರೆ. ನಮ್ಮ ಉಮ್ಮನಂತೆ ಪೆಟ್ಟಿಗೆಯಲ್ಲಿಟ್ಟರೆ ಸಾಕು.

ಆದರೆ ಇದರಿಂದಾದ ಒಂದು ಪರಿಣಾಮವನ್ನು ಗಮನಿಸಿದ್ದೀರಾ? ನಮ್ಮ ಎಷ್ಟೋ ಅಜ್ಜಿಯಂದಿರ ಒಂದೇ ಒಂದು ಫೋಟೋ ಎಂದರೆ ಹಜ್ ಯಾತ್ರೆಯ ಪಾಸ್‌ಪೋರ್ಟಿನದ್ದು. ಇನ್ನು ಕೆಲವರದು, 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಮತದಾರರ ಚೀಟಿ ಜಾರಿಗೆ ತಂದ ಮೇಲೆ ತೆಗೆದದ್ದು. ಎರಡರಲ್ಲೂ ಅಜ್ಜಿ ಗಾಬರಿಯಾದಂತೆ ಕಾಣುತ್ತಾರೆ. ಅವರು ಮಾಡುತ್ತಿದ್ದ ನೈಚೋರು, ಹಾಡುತ್ತಿದ್ದ ಮದುವೆ ಹಾಡು, ಹೇಳುತ್ತಿದ್ದ ಕಥೆ ಯಾವುದೂ ಆ ಚೀಟಿಯಲ್ಲಿಲ್ಲ. ಅದು ಸರಕಾರದ ಅಗತ್ಯಕ್ಕೆ ತೆಗೆದ ಚಿತ್ರ. ನಮ್ಮ ಅಗತ್ಯದ್ದನ್ನು ನಾವೇ ಅದಕ್ಕೆ ಸೇರಿಸಬೇಕು.

ಒಬ್ಬ ತಾಯಿಯ ಭಯ

2020ರ ಜನವರಿಯಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ಎಂಟನೇ ತರಗತಿಯ ಮಕ್ಕಳಿಗೆ ಪ್ರಬಂಧ ಬರೆಸಬೇಕಿತ್ತು. ಮನೆಯಲ್ಲಿರುವ ಹಳೆಯ ಫೋಟೋವೊಂದನ್ನು ತನ್ನಿ, ಅದರಲ್ಲಿರುವವರು ಯಾರು, ಯಾವ ಊರಿನಿಂದ ಬಂದವರು ಎಂದು ಮನೆಯಲ್ಲಿ ಕೇಳಿಕೊಂಡು ಬರೆಯಿರಿ ಎಂದೆ. ಮಕ್ಕಳಿಗೆ ಖುಷಿಯೋ ಖುಷಿ. ಗುರಪ್ಪನಪಾಳ್ಯದಿಂದ ಬರುವ ಹುಡುಗಿ ಕೋಲಾರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನಿಂತ ದಾದಾನ ಫೋಟೋ ತಂದಳು. ಬನಶಂಕರಿ ಕಡೆಯ ಯಾರಬ್ ನಗರದವಳೊಬ್ಬಳ ನಾನಾ ತಮಿಳುನಾಡಿನ ಆಂಬೂರಿನಲ್ಲಿ ಚರ್ಮ ಹದ ಮಾಡುವ ಕೆಲಸದಲ್ಲಿದ್ದರಂತೆ. ಕಲಬುರಗಿ ಕಡೆಯ ಒಬ್ಬ ಹುಡುಗಿ ಮಾತ್ರ ಏನೂ ತರಲಿಲ್ಲ. ಅವಳ ತಂದೆ ಕಟ್ಟಡ ಕೆಲಸಕ್ಕೆಂದು ಬಂದವರು. ನಾನೂ ಒತ್ತಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಅವಳ ತಾಯಿ ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳುಚಿಕೊಂಡಿತ್ತು. "ಆಪಾ, ನಾವು ಎಲ್ಲಿಂದ ಬಂದವರು ಅಂತ ಮಕ್ಕಳ ಹತ್ತಿರ ಯಾಕೆ ಬರೆಸ್ತಿದ್ದೀರಿ? ಈ ಕಾಗದ ಯಾರಿಗೆ ಹೋಗ್ತದೆ?" ಎಂದು ಕೇಳಿದರು.

ನನಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಆ ದಿನಗಳನ್ನು ನೆನಪಿಸಿಕೊಳ್ಳಿ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಪ್ರಕಟವಾಗಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಹೊರಗುಳಿದಿತ್ತು. ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಅಂಗೀಕಾರವಾಗಿತ್ತು. ನಮ್ಮ ಮನೆಗಳಲ್ಲಿ ಪೆಟ್ಟಿಗೆ ತೆರೆದು ಅಜ್ಜನ ಕಾಲದ ಕಾಗದಪತ್ರ ಹುಡುಕದವರು ಯಾರಿದ್ದರು? ಅಂತಹ ಸಮಯದಲ್ಲಿ ನಾನು 'ಎಲ್ಲಿಂದ ಬಂದಿರಿ' ಎಂದು ಬರೆಸಲು ಹೊರಟಿದ್ದೆ. ನಾನು ಮುಗ್ಧವಾಗಿ ಕೇಳಿದ ಪ್ರಶ್ನೆ ಆ ತಾಯಿಯ ಕಿವಿಗೆ ವಿಚಾರಣೆಯಂತೆ ಕೇಳಿಸಿತ್ತು. ತಪ್ಪು ನನ್ನದು. ಮೊದಲು ಹೆತ್ತವರಿಗೆ ತಿಳಿಸಬೇಕಿತ್ತು.

ಅವರನ್ನು ಕೂರಿಸಿ, ಮಕ್ಕಳ ಪುಸ್ತಕಗಳನ್ನು ಅವರ ಕೈಗೇ ಕೊಟ್ಟೆ. ಇದು ಎಲ್ಲಿಗೂ ಹೋಗುವುದಿಲ್ಲ, ಮಕ್ಕಳ ಜೊತೆಯೇ ಮನೆಗೆ ಬರುತ್ತದೆ ಎಂದೆ. ಅವರಿಗೆ ಕನ್ನಡ ಓದಲು ಬಾರದು. ಒಂದೆರಡು ಪ್ರಬಂಧಗಳನ್ನು ನಾನೇ ಓದಿ ಹೇಳಿದೆ. ರೇಷ್ಮೆ ಗೂಡಿನ ದಾದಾನ ಕಥೆಗೆ ಅವರು ನಕ್ಕರು.

ಒಂದು ವಾರದ ಮೇಲೆ ಅವರು ಮತ್ತೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಫೋಟೋ. ಅಂಚು ಗೆದ್ದಲು ತಿಂದದ್ದು. ತೊಗರಿ ಹೊಲದ ಮುಂದೆ ನಿಂತ ಒಬ್ಬ ಹೆಂಗಸು. "ನಮ್ಮ ಅಮ್ಮಿ. ಊರಲ್ಲಿ ಹೆರಿಗೆ ಎಲ್ಲಾ ಅವರೇ ಮಾಡಿಸ್ತಿದ್ರು. ಗೌಡರ ಮನೆಯ ಮಕ್ಕಳೂ ಅವರ ಕೈಯಲ್ಲೇ ಹುಟ್ಟಿದ್ದು. ಇದರ ಹಿಂದೆ ಬರೆದು ಕೊಡಿ ಆಪಾ. ಮಗಳಿಗೆ ಗೊತ್ತಿರಲಿ" ಎಂದರು. ಅವರು ಹೇಳಿದಂತೆಯೇ ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಒಂದು ಊರಿಗೆ ಊರನ್ನೇ ಕೈಯಲ್ಲಿ ಎತ್ತಿಕೊಂಡವರ ಮೊಮ್ಮಗಳು ನನ್ನ ತರಗತಿಯಲ್ಲಿ ಫೋಟೋ ಇಲ್ಲವೆಂದು ತಲೆ ತಗ್ಗಿಸಿ ಕುಳಿತಿದ್ದಳು.

ಎರಡು ಊರು, ಒಂದು ಮನಸ್ಸು

ಊರು ಬಿಟ್ಟು ಬಂದವರು ಹಳೆಯದನ್ನು ನೆನೆದರೆ ಹೊಸ ಊರಿಗೆ ಒಗ್ಗಲಿಲ್ಲವೆಂದು ಅರ್ಥವೇ? ಖಂಡಿತ ಅಲ್ಲ. ಹಿಜ್‌ರಾದ ಬಳಿಕ ಮದೀನಾದಲ್ಲಿ ಜ್ವರದಿಂದ ಮಲಗಿದ್ದ ಬಿಲಾಲ್(ರ)ರು ಮಕ್ಕಾದ ಕಣಿವೆಯನ್ನೂ ಅಲ್ಲಿಯ ಹುಲ್ಲಿನ ಪರಿಮಳವನ್ನೂ ನೆನೆದು ಹಾಡಿಕೊಂಡಿದ್ದರು. ಅವರನ್ನು ಹಿಂಸಿಸಿದ ಊರು ಅದು. ಆದರೂ ನೆನಪಾಯಿತು. ಅದನ್ನು ತಿಳಿದ ಪ್ರವಾದಿವರ್ಯರು(ಸ) ಗದರಿಸಲಿಲ್ಲ. ಮಕ್ಕಾದಷ್ಟೇ ಮದೀನಾವನ್ನೂ ನಮಗೆ ಪ್ರಿಯವಾಗಿಸು ಎಂದು ಅಲ್ಲಾಹನಲ್ಲಿ ಬೇಡಿದರು. ಹಳೆಯ ಊರನ್ನು ಮರೆಸು ಎಂದು ಬೇಡಲಿಲ್ಲ ಎಂಬುದನ್ನು ಗಮನಿಸಿರಿ.

ನಮ್ಮ ಬೆಂಗಳೂರಿನ ಚರಿತ್ರೆಯನ್ನೇ ನೋಡಿ. 1824ರ ಸುಮಾರಿಗೆ ಇರಾನಿನ ಶೀರಾಝ್‌ನಿಂದ ಕುದುರೆ ಮಾರಲು ಬಂದ ಆಗಾ ಅಲಿ ಅಸ್ಕರ್ ಎಂಬ ಹುಡುಗ ಇಲ್ಲೇ ನೆಲೆ ನಿಂತರು. ಇಂದಿನ ರಾಜಭವನದ ಕಟ್ಟಡವನ್ನು ಕಟ್ಟಿಸಿದವರು ಅವರೇ. ಅವರ ಮೊಮ್ಮಗ ಮಿರ್ಝಾ ಇಸ್ಮಾಯೀಲ್ 1926ರಿಂದ 1941ರ ವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಇಂದು ಅವರನ್ನು ಯಾರಾದರೂ ಹೊರಗಿನವರೆನ್ನುತ್ತಾರೆಯೇ?

ನಾವಿರುವ ಬಡಾವಣೆಗಳೂ ಹಾಗೆಯೇ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಆ ಹಳ್ಳಿಗಳ ಹಳೆಯ ಮನೆತನದವರನ್ನು ಬಿಟ್ಟರೆ ಇಲ್ಲಿಯ ಬಹುತೇಕ ನಾವೆಲ್ಲ ಒಂದಲ್ಲ ಒಂದು ದಿನ ಪೆಟ್ಟಿಗೆ ಹೊತ್ತು ಬಂದವರೇ. ಸ್ವಲ್ಪ ಹಿಂದೆ ಅಥವಾ ಮುಂದೆ, ಅಷ್ಟೇ.

ಈ ವಾರವೇ ಮಾಡಬಹುದಾದ ಕೆಲಸ

ಮ್ಯಾಥ್ಯೂ ಅವರ ಇನ್ನೊಂದು ಚಿತ್ರಮಾಲೆಯಲ್ಲಿ ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರಿದ್ದಾರೆ. ಹಳೆಯ ಕುಟುಂಬದ ಫೋಟೋದಲ್ಲಿರುವ ಅಜ್ಜಿಯ ಮುಖ ಕಣ್ಣೆದುರೇ ಮಗಳ ಮುಖವಾಗಿ, ಮೊಮ್ಮಗಳ ಮುಖವಾಗಿ ಬದಲಾಗುತ್ತದೆ. ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಫೋಟೋಗಳನ್ನು ಇಟ್ಟುಕೊಂಡೂ ಅವರು ಕೆಲಸ ಮಾಡಿದ್ದಾರೆ. ನಮ್ಮ ದೇಶದಲ್ಲಿ 2010ರಲ್ಲಿ ಅನುಷಾ ಯಾದವ್ ಆರಂಭಿಸಿದ 'ಇಂಡಿಯನ್ ಮೆಮೊರಿ ಪ್ರಾಜೆಕ್ಟ್' ಸಾಮಾನ್ಯ ಕುಟುಂಬಗಳ ಹಳೆಯ ಫೋಟೋಗಳನ್ನು ಅವುಗಳ ಕಥೆಯೊಂದಿಗೆ ಸಂಗ್ರಹಿಸುತ್ತದೆ. ಮಕ್ಕಳಿಗೆ ರಜೆಯಿದ್ದಾಗ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯಕ್ಕೂ ಕರೆದುಕೊಂಡು ಹೋಗಬಹುದು.

ಆದರೆ ಮೊದಲ ಕೆಲಸ ನಿಮ್ಮ ಮನೆಯಲ್ಲಿಯೇ ಇದೆ. ಪೆಟ್ಟಿಗೆ ತೆರೆಯಿರಿ. ಹಿರಿಯರು ಯಾರಾದರೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೋಟೋದ ಹಿಂಬದಿಯಲ್ಲಿ ಹೆಸರು, ಊರು, ಸುಮಾರು ಯಾವ ವರ್ಷ, ಆ ದಿನದ ಒಂದು ಮಾತು ಬರೆಯಿರಿ. ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗುರುತು ಮುಂಬದಿಗೆ ಮೂಡುತ್ತದೆ. ಹಿಂಬದಿ ನುಣುಪಾಗಿ ಪೆನ್ಸಿಲ್ ಹಿಡಿಯದಿದ್ದರೆ ಚೀಟಿಯಲ್ಲಿ ಬರೆದು ಫೋಟೋದ ಜೊತೆ ಲಕೋಟೆಯಲ್ಲಿಡಿ. ಅಂಟು ಹಾಳೆಯ ಹಳೆಯ ಆಲ್ಬಮ್‌ಗಳು ಫೋಟೋವನ್ನು ಹಾಳುಮಾಡುತ್ತವೆ. ಸುಲಭವಾಗಿ ಬಿಟ್ಟು ಬರುವಂತಿದ್ದರೆ ಮಾತ್ರ ತೆಗೆಯಿರಿ, ಕೀಳಬೇಡಿ. ಫ್ಲಾಶ್ ಇಲ್ಲದೆ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದುಕೊಳ್ಳಿ. ಓದು ಬರಹ ಬಾರದ ಅಜ್ಜಿಯಿದ್ದರೆ ಅವರ ಮಾತನ್ನೇ ಧ್ವನಿಮುದ್ರಿಸಿರಿ. ಫೋಟೋವೇ ಇಲ್ಲದ ಮನೆಯವರು ಬೇಸರಿಸಬೇಕಿಲ್ಲ. ಒಂದು ಹಾಳೆಯಲ್ಲಿ ಕಥೆ ಬರೆಯಿರಿ, ಅದೇ ನಿಮ್ಮ ಆಲ್ಬಮ್.

ನನ್ನ ಬಾಪ ತೀರಿಕೊಂಡು ಆರು ವರ್ಷವಾಯಿತು. ಆ ಬಿಳಿ ಕಾರಿನ ಫೋಟೋ ಈಗ ನನ್ನ ಬಳಿಯಿದೆ. ಅದರ ಹಿಂದೆ ನಾನು ಬರೆದಿದ್ದೇನೆ: 'ಕಾರು ಬಾಪನದಲ್ಲ. ಒಂದು ಕೋಣೆಯಲ್ಲಿ ಎಂಟು ಜನರಿದ್ದರು. ಉಮ್ಮನಿಗೆ ಚಿಂತೆಯಾಗದಿರಲೆಂದು ಹೀಗೆ ನಿಂತರು.' ಮೊನ್ನೆ ನನ್ನ ಮಗಳು ಅದನ್ನು ಓದಿ ತುಂಬ ಹೊತ್ತು ಸುಮ್ಮನೆ ಕುಳಿತಿದ್ದಳು. ಜಯನಗರದ ಆಸ್ಪತ್ರೆಯಲ್ಲಿ ಹುಟ್ಟಿ ಇಲ್ಲಿಯೇ ಬೆಳೆದವಳು ಅವಳು. ನಾಳೆ ಯಾರಾದರೂ "ನಿಮ್ಮೂರು ಯಾವುದು?" ಎಂದು ಕೇಳಿದರೆ ಅವಳ ಬಳಿ ಹೇಳಲಿಕ್ಕೆ ಏನಾದರೂ ಇರುತ್ತದೆ.

ನಿಮ್ಮ ಮಕ್ಕಳ ಬಳಿಯೂ ಇರಲಿ. ಹೇಳುವ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಡಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.